ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ: ಕೊಡಗಿನ ಇತಿಹಾಸವನ್ನು ಬದುಕುಗಳ ಮೂಲಕ ಓದುವುದು

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಮಡಿಕೇರಿ ಹೊಕ್ಕಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯೊಂದಿಗೆ ಕೊಡಗು ಕಂಪನಿ ಸರ್ಕಾರಕ್ಕೆ ಸೇರಿತು. ಶಾಲೆಯ ಪಾಠದಲ್ಲಿ ನಮಗೆ ಸಿಕ್ಕಿದ್ದು ಹೆಚ್ಚುಕಡಿಮೆ ಇಷ್ಟೇ. ಪರೀಕ್ಷೆಗೆ ಸಾಕು. ಆದರೆ ಆ ಏಪ್ರಿಲ್‌ನಲ್ಲಿ ಇಲ್ಲಿ ಬದುಕಿದ್ದವರಿಗೆ ಮೇ 7ರಂದು ಏನಾಗುತ್ತದೆ ಎಂಬುದೇ ಗೊತ್ತಿರಲಿಲ್ಲ, ಅಲ್ವಾ?

ಕಡಂಗದ (ಕಾವಲಿಗೆ ಅಗೆದ ಕಂದಕ, ಮಣ್ಣಿನ ದಿಬ್ಬ) ಹಿಂದೆ ಕೋವಿ ಹಿಡಿದು ನಿಂತವನನ್ನು ನೆನೆಸಿಕೊಳ್ಳಿ. ಉತ್ತರದ ಕಡೆ ಕೊಡಗಿನವರು ಕಂಪನಿಯ ಪಡೆಗೆ ಒಳ್ಳೇ ಪೆಟ್ಟು ಕೊಟ್ಟಿದ್ದರು. ಅಷ್ಟರಲ್ಲಿ ಯುದ್ಧ ನಿಲ್ಲಿಸಿ ಎಂಬ ಮಾತು ಬಂತು. ಇದು ಅರಸನ ಮಾತೋ, ದಿವಾನನ ಮಾತೋ? ಮನೆಗೆ ಹೋಗಬೇಕೋ, ಇಲ್ಲೇ ಇರಬೇಕೋ? ನಾಳೆ ಅರಸ ಮತ್ತೆ ಗೆದ್ದು ಬಂದರೆ ಹೋದವನ ಗತಿ ಏನು? ಇಂಥ ಪ್ರಶ್ನೆಗಳಿಗೆ ಇಸವಿಗಳ ಪಟ್ಟಿಯಲ್ಲಿ ಜಾಗ ಇಲ್ಲ. ಒಬ್ಬರ ಬದುಕನ್ನು ಹಿಡಿದು ಬರೆದ ಪುಸ್ತಕದಲ್ಲಿ ಇರುತ್ತದೆ. ಅಂಥ ಪುಸ್ತಕ ಓದುಗನನ್ನು ಫಲಿತಾಂಶ ಬರುವ ಮೊದಲಿನ ದಿನಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ನನ್ನ ಮಟ್ಟಿಗೆ ಅದರ ಶಕ್ತಿ ಇರುವುದೇ ಅಲ್ಲಿ.

ಮನೆಮಾತು, ಗಂಡ ಹೆಂಡಿರ ಜಗಳ, ಅಕ್ಕತಂಗಿಯರ ಮುನಿಸು ಇದೆಲ್ಲ ಇತಿಹಾಸದ ಮೇಲಿನ ಒಗ್ಗರಣೆ ಎಂದು ತಿಳಿದವರು ಜಾಸ್ತಿ. ಕೊಡಗಿನ ಮಟ್ಟಿಗೆ ಇದು ಪೂರ್ತಿ ತಪ್ಪು. ಇಲ್ಲಿ ಮನೆಯೊಳಗಿನ ಸಂಗತಿಯೇ ರಾಜ್ಯದ ಸಂಗತಿಯಾಗಿತ್ತು. ಚಿಕ್ಕವೀರರಾಜನ ತಂಗಿ ದೇವಮ್ಮಾಜಿ, ಅವಳ ಗಂಡ ಚನ್ನಬಸಪ್ಪ. ಅರಸನಿಗೂ ಇವರಿಗೂ ಆಗದೆ 1832ರಲ್ಲಿ ಇಬ್ಬರೂ ತಪ್ಪಿಸಿಕೊಂಡು ಮೈಸೂರಿಗೆ ಹೋಗಿ ಬ್ರಿಟಿಷ್ ರೆಸಿಡೆಂಟನ, ಅಂದರೆ ಅಲ್ಲಿದ್ದ ಕಂಪನಿಯ ಪ್ರತಿನಿಧಿಯ, ಆಶ್ರಯ ಪಡೆದರು. ಅರಸ ಅವರನ್ನು ವಾಪಸ್ ಕಳಿಸಿ ಎಂದ. ಕಂಪನಿ ಆಗುವುದಿಲ್ಲ ಎಂದಿತು. ಮಾತಿಗೆ ಮಾತು ಬೆಳೆದು ಎರಡು ವರ್ಷದಲ್ಲಿ ಯುದ್ಧಕ್ಕೆ ಬಂತು. ಕಂಪನಿಗೆ ಕೊಡಗು ಬೇಕಿತ್ತು ಎನ್ನುವುದು ನಿಜ. ಆದರೆ ಅದಕ್ಕೆ ಬಾಗಿಲು ತೆರೆದದ್ದು ಅಣ್ಣ ತಂಗಿಯ ಜಗಳ. ಆ ಮನೆಯ ಒಳಗೆ ಹೋಗದೆ ಆ ಯುದ್ಧ ಅರ್ಥವಾಗುವುದಿಲ್ಲ.

ಒಳಗೆ ಹೋಗುವುದು ಹೇಗೆ? ಎಲ್ಲ ಪುಸ್ತಕಗಳೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಗೊಂದಲ ಆಗುವುದು ಇಲ್ಲೇ. ಕಾದಂಬರಿ, ಜೀವನಚರಿತ್ರೆ, ಅರಮನೆ ಬರೆಸಿದ ವಂಶಾವಳಿ, ಪಾದ್ರಿಯ ನೆನಪು, ಹಾಡು, ಕೋರ್ಟಿನ ಹೇಳಿಕೆ ಎಲ್ಲವೂ ನಮಗೆ ಜನರ ಕಥೆಯನ್ನೇ ಹೇಳುತ್ತವೆ. ಒಂದೊಂದನ್ನೂ ನಂಬುವ ಬಗೆ ಬೇರೆ.

ಕಾದಂಬರಿಯಿಂದ ಶುರು ಮಾಡೋಣ. ಕನ್ನಡ ಓದುಗರಲ್ಲಿ ಹೆಚ್ಚಿನವರಿಗೆ ಕೊಡಗಿನ ಕೊನೆಯ ಅರಸ ಪರಿಚಯವಾದದ್ದೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ‘ಚಿಕವೀರ ರಾಜೇಂದ್ರ’ದಿಂದ. 1956ರಲ್ಲಿ ಬಂದ ಕಾದಂಬರಿ, 1983ರ ಜ್ಞಾನಪೀಠ ಪ್ರಶಸ್ತಿ ಪಡೆದದ್ದು. ಅರಸ, ದಿವಾನ ಬೋಪಣ್ಣ, ಅರಸನ ಆಪ್ತ ಕುಂಟ ಬಸವ ಇವರೆಲ್ಲ ದಾಖಲೆಯಲ್ಲಿ ಇರುವ ಜನ. ಕಂಪನಿ ಬಂದದ್ದು, ಅರಸ ನಾಲ್ಕುನಾಡಿನ ಅರಮನೆಗೆ ಹೋಗಿ ಸೇರಿದ್ದು ನಡೆದ ಸಂಗತಿ. ಆದರೆ ರಾತ್ರಿ ಅಂತಃಪುರದಲ್ಲಿ ರಾಣಿ ಅರಸನಿಗೆ ಏನೆಂದಳು, ಬೋಪಣ್ಣ ಒಬ್ಬನೇ ಇದ್ದಾಗ ಏನು ಯೋಚಿಸಿದ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಅದನ್ನು ಕಾದಂಬರಿಕಾರ ಕಟ್ಟಬೇಕು.

ಇಲ್ಲಿ ಓದುಗರಿಗೆ ಒಂದು ಸುಲಭದ ಉಪಾಯ ಇದೆ. ಪುಟ ಓದುತ್ತಾ ಹೋದಂತೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಮಾತಿಗೆ ಕಾಗದ ಇರಲು ಸಾಧ್ಯವಾ? ಒಪ್ಪಂದಕ್ಕೆ ಕಾಗದ ಇರುತ್ತದೆ. ಪತ್ರಕ್ಕೆ, ಪಿಂಚಣಿಗೆ, ಹೂತ ಜಾಗಕ್ಕೆ ಇರುತ್ತದೆ. ಕಣ್ಣೀರಿಗೆ ಇರುವುದಿಲ್ಲ, ಯಾರಾದರೂ ಅದನ್ನು ನೋಡಿ ಬರೆದಿಟ್ಟಿದ್ದರೆ ಮಾತ್ರ. ಕಾಗದ ಇಲ್ಲದ ಮಾತು ಸುಳ್ಳು ಎಂದಲ್ಲ. ಅದು ಲೇಖಕರ ತೀರ್ಮಾನ. ಬೋಪಣ್ಣನನ್ನು ಬರೀ ದ್ರೋಹಿ ಎಂದೋ ಬರೀ ಜಾಣ ಎಂದೋ ಮಾಡದೆ, ಅರಸನ ಮೇಲಿನ ನಿಷ್ಠೆ ಮತ್ತು ನಾಡಿನ ಹಿತದ ನಡುವೆ ಒದ್ದಾಡುವ ಮನುಷ್ಯನನ್ನಾಗಿ ನಿಲ್ಲಿಸಿದ್ದು ಮಾಸ್ತಿಯವರ ತೀರ್ಮಾನ. ಒಂದು ಆಡಳಿತ ಬೀಳುವಾಗ ಅದರೊಳಗೆ ಕೆಲಸ ಮಾಡುವವರಿಗೆ ಏನಾಗುತ್ತದೆ ಎನ್ನುವುದು ಆ ಕಾದಂಬರಿಯಲ್ಲಿ ತಿಳಿಯುವಷ್ಟು ಯಾವ ಗೆಜೆಟಿಯರಿನಲ್ಲೂ ತಿಳಿಯುವುದಿಲ್ಲ. ಹಾಗಂತ ಅದರ ಸಂಭಾಷಣೆಯನ್ನು ಭಾಷಣದಲ್ಲಿ ಚರಿತ್ರೆ ಎಂದು ಹೇಳಿಬಿಡುವುದು ಸರಿಯಲ್ಲ. ಈ ರೂಢಿ ನಮ್ಮಲ್ಲಿ ಇದೆ, ನನಗೆ ಬೇಸರ ತರುತ್ತದೆ.

ಅರಸನ ಮಗಳ ಕಥೆ ಹೇಳಿದರೆ ಜೀವನಚರಿತ್ರೆಯ ಕಷ್ಟ ಏನೆಂದು ತಿಳಿಯುತ್ತದೆ. ಪಟ್ಟ ಹೋದ ಮೇಲೆ ಅರಸನನ್ನು ಕಾಶಿಗೆ ಕಳಿಸಿದರು. ಅವನ ಮಗಳು ಗೌರಮ್ಮ ಹುಟ್ಟಿದ್ದು 1841ರಲ್ಲಿ. ಮಡಿಕೇರಿಯ ಅರಮನೆಯನ್ನು ಅವಳು ನೋಡಿದವಳೇ ಅಲ್ಲ. 1852ರಲ್ಲಿ ಅವಳನ್ನು ಕರೆದುಕೊಂಡು ಅರಸ ಇಂಗ್ಲೆಂಡಿಗೆ ಹೋದ. ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಮನೆತನದ ಹಣಕ್ಕಾಗಿ ಅಲ್ಲಿ ಕೋರ್ಟು ಹತ್ತಿದ. ಅದೇ ವರ್ಷ ಹುಡುಗಿಗೆ ಕ್ರೈಸ್ತ ದೀಕ್ಷೆ ಆಯಿತು. ದೀಕ್ಷೆಯಲ್ಲಿ ಹುಡುಗಿಯ ಹೊಣೆ ಹೊರುವ ಧರ್ಮತಾಯಿಯಾಗಿ (ಗಾಡ್‌ಮದರ್) ನಿಂತವಳು ವಿಕ್ಟೋರಿಯಾ ರಾಣಿ. ರಾಣಿಯ ಹೆಸರೇ ಅವಳ ಹೆಸರಿಗೆ ಸೇರಿ ವಿಕ್ಟೋರಿಯಾ ಗೌರಮ್ಮ ಎಂದಾಯಿತು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರ ಅವಳ ಚಿತ್ರ ಬರೆದ. ಪಂಜಾಬಿನ ಪಟ್ಟ ಕಳೆದುಕೊಂಡ ದುಲೀಪ್ ಸಿಂಗನಿಗೆ ಅವಳನ್ನು ಮದುವೆ ಮಾಡಬೇಕೆಂದು ದೊಡ್ಡವರು ಯೋಚಿಸಿದರು. ಅದು ಆಗಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲಿ ತೀರಿಕೊಂಡ. 1860ರಲ್ಲಿ ಅವಳು ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಒಂದು ಹೆಣ್ಣು ಮಗು ಹುಟ್ಟಿತು. 1864ರಲ್ಲಿ ಅವಳೂ ತೀರಿಕೊಂಡಳು. ಇಪ್ಪತ್ತಮೂರು ತುಂಬಿರಲಿಲ್ಲ.

ಈ ಹುಡುಗಿಯ ಬಗ್ಗೆ ಸಾಕಷ್ಟು ಬರವಣಿಗೆ ಸಿಗುತ್ತದೆ. ರಾಣಿಯ ದಿನಚರಿಯಲ್ಲಿ ಅವಳ ಪ್ರಸ್ತಾಪ ಇದೆ. ಅವಳನ್ನು ಸಾಕಿದವರು, ಕಂಡವರು ಬರೆದಿದ್ದಾರೆ. ಚಿತ್ರ ಇದೆ, ಅಮೃತಶಿಲೆಯ ಮೂರ್ತಿ ಇದೆ. ಆದರೆ ನಮಗೆ ಸಿಗುವ ಮಾತಿನಲ್ಲಿ ಹೆಚ್ಚಿನದು ಬೇರೆಯವರದ್ದು. ಅವಳನ್ನು ನೋಡಿದವರು ತುಂಬ ಜನ, ಅವಳ ಮಾತು ಕೇಳಿಸಿಕೊಂಡವರು ಕಡಿಮೆ. ಮಾತೃಭಾಷೆ ಮಾತಾಡುವವರು ಸುತ್ತ ಯಾರೂ ಇಲ್ಲದ ಮನೆಯಲ್ಲಿ ಹನ್ನೊಂದರ ಹುಡುಗಿಯನ್ನು ಬಿಟ್ಟರೆ ಅವಳಿಗೆ ಏನನಿಸಿತು? ಒಳ್ಳೆಯ ಜೀವನಚರಿತ್ರೆಕಾರರು ಇಲ್ಲಿ ಎರಡು ಕೆಲಸ ಮಾಡುತ್ತಾರೆ. ಯಾರು ಹೇಳಿದ್ದು, ಯಾಕೆ ಹೇಳಿದ್ದು ಎಂದು ಪ್ರತಿ ಮಾತಿನ ಹಿಂದೆ ಹೋಗಿ ನೋಡುತ್ತಾರೆ. ಸಿಗದೇ ಇದ್ದಲ್ಲಿ ‘ಇಲ್ಲಿ ನಾನು ಊಹಿಸುತ್ತಿದ್ದೇನೆ’ ಎಂದು ಓದುಗರಿಗೆ ಹೇಳುತ್ತಾರೆ. ಆ ಒಂದು ವಾಕ್ಯ ಇರುವ ಪುಸ್ತಕವನ್ನು ನಾನು ಹೆಚ್ಚು ನಂಬುತ್ತೇನೆ. ಎಲ್ಲವೂ ಗೊತ್ತಿರುವಂತೆ ಬರೆದದ್ದನ್ನು ಕಂಡರೆ ಅನುಮಾನ ಬರುತ್ತದೆ.

ಯಾಕೆ ಹೇಳಿದ್ದು ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ‘ರಾಜೇಂದ್ರನಾಮೆ’ಯನ್ನು ನೋಡಬೇಕು. 1633ರಿಂದ 1807ರವರೆಗಿನ ಹಾಲೇರಿ ಅರಸರ ಕಥೆ ಅದು. ಬರೆಸಿದವನು ದೊಡ್ಡವೀರರಾಜೇಂದ್ರ. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದು, 1788ರಲ್ಲಿ ತಪ್ಪಿಸಿಕೊಂಡು ಬಂದು, ರಾಜ್ಯ ಮತ್ತೆ ಕಟ್ಟಿದವನು. ಅಂಥವನು ತನ್ನ ವಂಶದ ಕಥೆ ಬರೆಸುವುದರಲ್ಲಿ ಏನು ಆಶ್ಚರ್ಯ ಎನ್ನಬಹುದು. ಆದರೆ ಆಗ ಅವನ ಮನೆ ಹೇಗಿತ್ತು ನೋಡಿ. ಪಟ್ಟದ ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡಿದ್ದಳು. ಅವಳಲ್ಲಿ ಹುಟ್ಟಿದ್ದು ಹೆಣ್ಣುಮಕ್ಕಳೇ. ತನ್ನ ನಂತರ ಮಗಳು ದೇವಮ್ಮಾಜಿಗೇ ಪಟ್ಟ ಆಗಬೇಕು, ಕಂಪನಿ ಅದಕ್ಕೆ ಒಪ್ಪಬೇಕು ಎನ್ನುವುದು ಅವನ ಒಂದೇ ಚಿಂತೆಯಾಗಿತ್ತು. ಈ ದೇವಮ್ಮಾಜಿ ಬೇರೆ, ಮೈಸೂರಿಗೆ ಓಡಿದ ದೇವಮ್ಮಾಜಿ ಬೇರೆ. ಹಾಲೇರಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ, ಓದುವಾಗ ಎಚ್ಚರ ಬೇಕು.

ಈಗ ಆ ವಂಶಾವಳಿಯನ್ನು ಮತ್ತೆ ಓದಿ. ಅದೇ ಸಾಲುಗಳು ಬೇರೆ ತರಹ ಕೇಳಿಸುತ್ತವೆ. ಮೇಲ್ನೋಟಕ್ಕೆ ಅರಸನ ಪರಾಕ್ರಮ. ಅದರ ಕೆಳಗೆ ಹೆಂಡತಿಯನ್ನು ಕಳೆದುಕೊಂಡ, ಮಗಳ ಭವಿಷ್ಯಕ್ಕೆ ಹೆದರಿದ ಒಬ್ಬ ತಂದೆ. ಅವನು 1809ರಲ್ಲಿ ತೀರಿಕೊಂಡ. ಚಿಕ್ಕ ಹುಡುಗಿ ದೇವಮ್ಮಾಜಿಗೆ ಹೆಸರಿಗೆ ಪಟ್ಟ ಸಿಕ್ಕಿತು. 1811ರಲ್ಲಿ ಚಿಕ್ಕಪ್ಪ ಲಿಂಗರಾಜ ಅವಳನ್ನು ಬದಿಗೆ ಸರಿಸಿ ತಾನೇ ಅರಸನಾದ. ಆ ಲಿಂಗರಾಜನ ಮಗನೇ ಚಿಕ್ಕವೀರರಾಜ. ಮಡಿಕೇರಿಯ ಗದ್ದಿಗೆಗೆ ಹೋದರೆ ದೊಡ್ಡವೀರರಾಜ ಮತ್ತು ಮಹದೇವಮ್ಮಾಜಿಯ ಸಮಾಧಿಯ ಪಕ್ಕದಲ್ಲೇ ಲಿಂಗರಾಜನ ಸಮಾಧಿಯೂ ಇದೆ. ಪ್ರವಾಸಿಗಳು ಫೋಟೋ ತೆಗೆದು ಹೋಗುತ್ತಾರೆ. ಈ ಕಥೆ ಗೊತ್ತಿದ್ದವರಿಗೆ ಆ ಎರಡು ಗುಮ್ಮಟಗಳ ನಡುವಿನ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

ಇನ್ನೊಂದು ಕಡೆಯಿಂದ ಬಂದ ಬರವಣಿಗೆಯೂ ಇದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದವರು, ಕೊಡಗಿಗೆ ಬಂದು ನೆಲೆಸಿ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಅರಸ ಹೋಗಿ ಇಪ್ಪತ್ತು ವರ್ಷವಷ್ಟೇ ಆಗಿತ್ತು. ಅವನನ್ನು ಕಣ್ಣಾರೆ ಕಂಡವರು ಇನ್ನೂ ಇದ್ದರು. ಅರಸನ ಕ್ರೌರ್ಯದ ಕಥೆಗಳು ಆ ಪುಸ್ತಕದಲ್ಲಿ ತುಂಬ ಇವೆ. ಅದರಲ್ಲಿ ಸತ್ಯ ಇಲ್ಲ ಎನ್ನಲಾಗದು. ಆದರೆ ಹೇಳಿದವರು ಹೊಸ ಸರ್ಕಾರದ ನೆರಳಿನಲ್ಲಿ ಬದುಕುತ್ತಿದ್ದವರು, ಕೇಳಿದವರು ಪಾದ್ರಿ. ಹಳೆಯ ಅರಸ ಎಷ್ಟು ಕೆಟ್ಟವನಾದರೆ ಕಂಪನಿ ಬಂದದ್ದು ಅಷ್ಟು ಒಳ್ಳೆಯದಾಗುತ್ತದೆ. ಹಾಗಾಗಿ ಅರಮನೆಯವರು ಬರೆಸಿದ್ದನ್ನೂ ಮಿಷನ್ನಿನವರು ಬರೆದದ್ದನ್ನೂ ಎದುರುಬದುರು ಇಟ್ಟು ಓದಬೇಕು. ಎರಡೂ ಒಪ್ಪುವ ಸಂಗತಿ ಗಟ್ಟಿ. ಒಂದೇ ಹೇಳುವ ಸಂಗತಿಯನ್ನು ಕೈಯಲ್ಲಿ ಹಿಡಿದುಕೊಂಡಿರಿ, ಆತುರ ಬೇಡ.

ಫ್ರೇಸರನ ಘೋಷಣೆಯನ್ನೂ ಹೀಗೇ ಓದಬೇಕು. ಕೊಡಗಿನ ಜನರೆಲ್ಲ ಒಮ್ಮತದಿಂದ ಬ್ರಿಟಿಷರ ಆಶ್ರಯ ಬಯಸಿದ್ದಾರೆ ಎಂಬ ಅರ್ಥದ ಮಾತು ಅದರಲ್ಲಿ ಇದೆ. ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ಕಡೆಯಿಂದ ದಂಗೆ ಎದ್ದು ಮಂಗಳೂರಿನವರೆಗೆ ಹೋಯಿತು. ಆ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯ ಹತ್ತಿರ ಗಲ್ಲಿಗೇರಿಸಿದರು. ಒಮ್ಮತ ಎಲ್ಲಿತ್ತು? ಒಬ್ಬ ಮನುಷ್ಯನ ಬದುಕು ಒಂದು ಸರ್ಕಾರಿ ವಾಕ್ಯವನ್ನು ಹೀಗೆ ಅಲ್ಲಾಡಿಸಬಲ್ಲದು.

ದಂಗೆಯವರ ಬಗ್ಗೆ ತಿಳಿಯಲು ವಿಚಾರಣೆಯ ಕಾಗದಗಳು ಬೇಕಾಗುತ್ತವೆ. ಸಾಮಾನ್ಯ ರೈತನೊಬ್ಬನ ಮಾತು ಬರಹಕ್ಕೆ ಬಂದದ್ದೇ ಅವನು ಸಿಕ್ಕಿಬಿದ್ದಾಗ. ಪ್ರಶ್ನೆ ಅಧಿಕಾರಿಯದ್ದು, ಉತ್ತರ ಇವನದ್ದು, ಬರೆದವನು ಗುಮಾಸ್ತ. ಜೀವ ಉಳಿಸಿಕೊಳ್ಳಲು ಹೇಳಿದ್ದೆಷ್ಟು, ನಿಜವೆಷ್ಟು ಎಂದು ಬಿಡಿಸುವುದು ಕಷ್ಟ. ಆದರೂ ಅವನು ಯಾವ ಊರಿಂದ ಹೊರಟ, ಯಾರ ಮನೆಯಲ್ಲಿ ಉಂಡ, ಯಾರು ಕರೆದರು ಎಂದು ಸುಮ್ನೆ ಹೇಳಿಹೋದ ಸಣ್ಣ ಮಾತುಗಳು ಸಿಗುತ್ತವೆ. ಅಧಿಕಾರಿಗೆ ಅವು ಮುಖ್ಯವಾಗಿರಲಿಲ್ಲ, ಹಾಗಾಗಿ ಅಲ್ಲಿ ಸುಳ್ಳು ಹೇಳುವ ಅಗತ್ಯವೂ ಕಡಿಮೆ. ಪ್ರಪಂಚದ ಹಲವು ಕಡೆ ಸಾಮಾನ್ಯರ ಬದುಕನ್ನು ಬರೆದ ಚರಿತ್ರೆಕಾರರು ನಂಬಿದ್ದು ಇಂಥ ಸಣ್ಣ ಮಾತುಗಳನ್ನೇ.

ಕೆಲವು ಸಲ ಕಥೆಯಾಗಿ ಬರೆದದ್ದು ಕಾಲ ಕಳೆದಂತೆ ದಾಖಲೆಯಾಗುತ್ತದೆ. ಕಥೆಗಾರ್ತಿ ಕೊಡಗಿನ ಗೌರಮ್ಮ ಇದಕ್ಕೆ ಒಳ್ಳೆಯ ಉದಾಹರಣೆ. ಅರಸನ ಮಗಳು ಗೌರಮ್ಮ ಬೇರೆ, ಇವರು ಬೇರೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಲ್ಲಿ ಬರೆಯುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತರು. ಗಾಂಧೀಜಿ ಬಂದರು. ಇವರು ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ಸುಳಿಗೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ 27ರ ಪ್ರಾಯ. ‘ಕಂಬನಿ’, ‘ಚಿಗುರು’ ಸಂಕಲನಗಳಲ್ಲಿ ಅವರ ಕಥೆಗಳಿವೆ.

ಅವರು ಇತಿಹಾಸ ಬರೆಯಲು ಕೂತವರಲ್ಲ. ತಮ್ಮ ಕಣ್ಣೆದುರಿನ ಮದುವೆ, ವೈಧವ್ಯ, ವರದಕ್ಷಿಣೆ, ಮನಸ್ಸು ಒಂದು ಕಡೆ ಮನೆ ಇನ್ನೊಂದು ಕಡೆ ಆದ ಹೆಣ್ಣುಮಕ್ಕಳ ಬಗ್ಗೆ ಬರೆದರು. ಇವತ್ತು ಅವನ್ನು ಓದಿದರೆ 1930ರ ದಶಕದಲ್ಲಿ ಮನೆಯೊಳಗಿನ ಹೆಣ್ಣಿಗೆ ಯಾವ ದಾರಿಗಳು ತೆರೆದಿದ್ದವು, ಯಾವುವು ಮುಚ್ಚಿದ್ದವು ಎಂದು ಗೊತ್ತಾಗುತ್ತದೆ. ಆ ಕಾಲದ ಬಗ್ಗೆ ಆಮೇಲಿನವರು ಬರೆದ ಕಾದಂಬರಿಗಿಂತ ಆ ಕಾಲದಲ್ಲೇ ಬರೆದ ಕಥೆಗೆ ಒಂದು ಅನುಕೂಲ ಜಾಸ್ತಿ. ಬರೆದವರಿಗೇ ಮುಂದೇನಾಗುತ್ತದೆ ಎಂದು ಗೊತ್ತಿಲ್ಲ. ಸ್ವಾತಂತ್ರ್ಯ ಬರುತ್ತದೋ ಇಲ್ಲವೋ, ಕಾನೂನು ಬದಲಾಗುತ್ತದೋ ಇಲ್ಲವೋ. ಆ ಅನಿಶ್ಚಿತತೆ ವಾಕ್ಯಗಳ ಒಳಗೇ ಇದೆ.

ಬರೆದವರೇ ಕಥೆಯೊಳಗೆ ಇರುವ ಪುಸ್ತಕಗಳದ್ದು ಇನ್ನೊಂದು ರುಚಿ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಜೀವನವನ್ನು ಅವರ ಮಗ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ ಬರೆದಿದ್ದಾರೆ. 1965ರ ಯುದ್ಧದಲ್ಲಿ ಈ ಮಗನ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾದರು. ಹಳೆಯ ಪರಿಚಯದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಬಿಡುಗಡೆಯ ಮಾತು ಎತ್ತಿದಾಗ ತಂದೆ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಎಂಬ ಅರ್ಥದ ಉತ್ತರ ಕೊಟ್ಟರು ಎನ್ನುವುದು ಕೊಡಗಿನ ಮನೆಮನೆಯಲ್ಲಿ ಹೇಳುವ ಕಥೆ. ದೇಶಕ್ಕೆ ಅದು ಹೆಮ್ಮೆಯ ಮಾತು. ಆ ಮಗನಿಗೆ ಅದು ಅಪ್ಪನ ಮಾತು. ಮಗ ಬರೆದ ಪುಸ್ತಕದಲ್ಲಿ ಹೊರಗಿನವರಿಗೆ ಸಿಗದ ಮನೆಯ ಶಿಸ್ತು, ಊಟದ ಮೇಜು, ಅಪ್ಪನ ಮೌನ ಎಲ್ಲ ಸಿಗುತ್ತದೆ. ಕಟುವಾದ ವಿಮರ್ಶೆಯನ್ನು ಮಾತ್ರ ಬೇರೆ ಕಡೆ ಹುಡುಕಬೇಕು.

ಕೊಡಗಿನಲ್ಲಿ ಪುಸ್ತಕ ಬರುವ ಎಷ್ಟೋ ಮೊದಲು ಜನರ ಬದುಕನ್ನು ಹಿಡಿದಿಟ್ಟದ್ದು ಹಾಡು. ದುಡಿ ಬಡಿಯುತ್ತಾ ನಾಲ್ವರು ಕೂತು ಹೇಳುವ ಪಾಟ್‌ಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಕೇಳಿ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ತಂದರು. ಭಾಷೆ ಕೊಡವ ತಕ್ಕ್, ಲಿಪಿ ಕನ್ನಡ. ಮದುವೆಯ ಹಾಡು, ಸುಗ್ಗಿಯ ಹಬ್ಬ ಹುತ್ತರಿಯ ಹಾಡು, ವೀರರ ಹಾಡು, ಸಾವಿನ ಹಾಡು ಎಲ್ಲ ಅಲ್ಲಿವೆ. ಅವರ ಮೊಮ್ಮಕ್ಕಳಾದ ದಂಪತಿ ಅದನ್ನು ಇಂಗ್ಲಿಷಿಗೂ ತಂದಿದ್ದಾರೆ. ಚಿಣ್ಣಪ್ಪನವರು ಆ ಕೆಲಸ ಮಾಡದೇ ಇದ್ದಿದ್ದರೆ ಇವತ್ತು ಅದರಲ್ಲಿ ಎಷ್ಟು ಉಳಿಯುತ್ತಿತ್ತೋ. ನೆನೆಸಿಕೊಂಡರೆ ಭಯವಾಗುತ್ತದೆ.

ಹಾಡನ್ನು ಚರಿತ್ರೆಯಾಗಿ ಓದುವಾಗ ಒಂದು ವಿಷಯ ನೋಡಿಕೊಳ್ಳಿ. ಹಾಡಿನಲ್ಲಿ ಕಟ್ಟುಪಾಡಿನ ಸಾಲುಗಳು ಇರುತ್ತವೆ. ಯಾವ ವೀರ ಬಂದರೂ ಅವನ ಉಡುಗೆಯ ವರ್ಣನೆ ಹಾಗೇ ಬರುತ್ತದೆ, ಯಾವ ಮನೆಯಾದರೂ ದೊಡ್ಡದೇ. ಅದು ಹಾಡುವವರಿಗೆ ನೆನಪಿಟ್ಟುಕೊಳ್ಳಲು ಬೇಕು. ಆ ಸಾಲುಗಳ ನಡುವೆ ಒಂದು ಊರಿನ ಹೆಸರು, ಒಂದು ಒಕ್ಕದ, ಅಂದರೆ ಮನೆತನದ, ಹೆಸರು, ಒಂದು ಜಗಳದ ಕಾರಣ ಬಂದರೆ ಅಲ್ಲಿ ಕಿವಿ ನಿಮಿರಬೇಕು. ಅದು ಆ ಒಬ್ಬ ಮನುಷ್ಯನಿಗೇ ಸೇರಿದ್ದು.

ಇಷ್ಟೆಲ್ಲ ಪುಸ್ತಕಗಳ ನಡುವೆಯೂ ದೊಡ್ಡ ಖಾಲಿ ಜಾಗ ಇದೆ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಕಾಫಿ ತೋಟ ಮಾಡಿದ್ದು ಎಲ್ಲ ಕಡೆ ಬರುತ್ತದೆ. ಆ ತೋಟಗಳಲ್ಲಿ ಗುಂಡಿ ತೆಗೆದವರು, ಗಿಡ ನೆಟ್ಟವರು, ಹಣ್ಣು ಕೊಯ್ದವರು ಯಾರು? ಯರವರು, ಕುರುಬರು, ಘಟ್ಟದ ಕೆಳಗಿನಿಂದ, ಮೈಸೂರು ಸೀಮೆಯಿಂದ, ತಮಿಳುನಾಡಿನಿಂದ ಬಂದವರು. ಕೂಲಿಯವರ ಸಾಲುಮನೆ, ಅಂದರೆ ಲೈನ್‌ಮನೆಯಲ್ಲಿ ಹುಟ್ಟಿ ಲೈನ್‌ಮನೆಯಲ್ಲೇ ಮುಗಿದ ಬದುಕಿಗೆ ಜೀವನಚರಿತ್ರೆ ಇಲ್ಲ. ಇರುವುದು ತೋಟದ ಚೆಕ್‌ರೋಲ್. ಹೆಸರು, ಹಾಜರಿ, ಕೂಲಿ, ಮುಂಗಡ ಕಳೆದದ್ದು, ಅಷ್ಟೇ. ಆದರೆ ಅದನ್ನೇ ವರ್ಷಗಟ್ಟಲೆ ಜೋಡಿಸಿ ಓದಿದರೆ ಒಬ್ಬ ಹೆಂಗಸು ಯಾವ ತಿಂಗಳು ಕೆಲಸಕ್ಕೆ ಬರಲಿಲ್ಲ, ಮತ್ತೆ ಯಾವಾಗ ಬಂದಳು, ಮುಂಗಡ ತೀರಿತೋ ಇಲ್ಲವೋ ಎನ್ನುವುದು ಕಾಣುತ್ತದೆ. ಮಳೆಗಾಲದ ಜ್ವರವೋ, ಹೆರಿಗೆಯೋ ಎಂದು ಊಹಿಸಬಹುದು, ಊಹೆ ಎಂದು ಹೇಳಿಯೇ ಬರೆಯಬೇಕು. ಹಳೆಯ ತೋಟದ ಆಫೀಸುಗಳಲ್ಲಿ ಇಂಥ ಪುಸ್ತಕಗಳು ಗೆದ್ದಲು ಹಿಡಿಯುತ್ತವೆ. ತೂಕಕ್ಕೆ ಹಾಕುವ ಮೊದಲು ಯಾರಾದರೂ ಒಂದು ಸಲ ತೆರೆದು ನೋಡಲಿ ಎಂದು ಕೈಮುಗಿದು ಕೇಳುತ್ತೇನೆ.

ಈಗ ಕೊಡಗಿನಲ್ಲಿ ಹಲವು ಕುಟುಂಬಗಳು ತಮ್ಮದೇ ಪುಸ್ತಕ ಮಾಡಿಸುತ್ತಿವೆ. ಐನ್‌ಮನೆಯ (ಒಕ್ಕದ ಮೂಲ ಮನೆಯ) ಫೋಟೋ, ವಂಶವೃಕ್ಷ, ಸೈನ್ಯದಲ್ಲಿ ಇದ್ದವರ ಪಟ್ಟಿ, ಪದಕಗಳು. ಒಳ್ಳೆಯ ಕೆಲಸ. ಆದರೆ ಪಟ್ಟಿಗೆ ಜೀವ ಬರಬೇಕಾದರೆ ಆಯ್ಕೆಯ ದಿನಗಳನ್ನು ಕೇಳಬೇಕು. ತಾತ ಯಾವ ಇಸವಿಯಲ್ಲಿ ಪಲ್ಟನ್ನಿಗೆ ಸೇರಿದರು ಎಂದಷ್ಟೇ ಕೇಳಿದರೆ ಇಸವಿ ಸಿಗುತ್ತದೆ. ಸೇರದೇ ಇದ್ದರೆ ಏನು ಮಾಡುತ್ತಿದ್ದರು, ಮನೆಯಲ್ಲಿ ಯಾರು ಬೇಡ ಎಂದರು, ಗದ್ದೆ ಯಾರು ನೋಡಿಕೊಂಡರು ಎಂದು ಕೇಳಿದರೆ ಕಥೆ ಸಿಗುತ್ತದೆ. ಒಂದೇ ಸಂಗತಿಯನ್ನು ಇಬ್ಬರಿಂದ ಬೇರೆಬೇರೆಯಾಗಿ ಕೇಳಿ. ಅಜ್ಜಿ ಹೇಳಿದ್ದಕ್ಕೂ ದೊಡ್ಡಪ್ಪ ಹೇಳಿದ್ದಕ್ಕೂ ಹೊಂದದೇ ಇದ್ದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ. ಜಮ್ಮಾ ಜಾಗದ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಳೆಯ ಕಾಗದ ಇದ್ದರೆ ಅದರ ಜೊತೆ ಹೋಲಿಸಿ. ಮನೆಯಲ್ಲಿ ದುಡಿದವರ ಹೆಸರು ಹಿರಿಯರಿಗೆ ನೆನಪಿದ್ದರೆ ಅದನ್ನೂ ಕೇಳಿ ಸೇರಿಸಿ.

ವಂಶವೃಕ್ಷ ಬರೆಸುವಾಗ ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಹೆಣ್ಣುಮಕ್ಕಳ ಗೆರೆ ಅಲ್ಲಿಗೇ ನಿಂತುಬಿಡುತ್ತದೆ. ಮನೆಗೆ ಬಂದ ಸೊಸೆಯ ಹೆಸರಿನ ಮುಂದೆ ಅವಳ ತವರುಮನೆಯ ಹೆಸರು ಕೂಡ ಬಹಳ ಕಡೆ ಇರುವುದಿಲ್ಲ. ಅವರ ಕಥೆ ಕೇಳಬೇಕಾದರೆ ಆ ಮನೆಗಳಿಗೇ ಹೋಗಬೇಕು. ಹುತ್ತರಿಗೋ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿಗೋ ಎಲ್ಲರೂ ಸೇರಿದಾಗ ಹೋದರೆ ಒಳ್ಳೆಯದು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ.